ಬಣ್ಣ ಬಳಿದ ಬಿಡಾರ

ಹೊಸ ವಾಶ್‌ಬೇಸಿನ್ ಮೂರನೇ ಏಟಿಗೆ ಒಡೆದು ನೆಲಕ್ಕೆ ಬಿತ್ತು. ಚನಿಯ ಹಾರೆಯನ್ನು ಮತ್ತೆ ಎತ್ತಿದ. ಈ ಸಲ ಅವನ ಕಣ್ಣು ನಲ್ಲಿಯ ಮೇಲಿತ್ತು.

"ಹಿಡಿಯಿರಿ ಅವನನ್ನು!" ಹಾಜರಾ ಕಿರುಚಿದಳು.

ತೋಟದ ಮೇಸ್ತ್ರಿ ರಫೀಕ್ ಹಿಂದಿನಿಂದ ಬಂದು ಅವನ ಎರಡೂ ಕೈ ತಿರುಚಿದ. ಹಾರೆ ಬಿತ್ತು.

ಹಾಜರಾಳ ಮೈಯೆಲ್ಲ ಉರಿಯಿತು. ಗಲ್ಫಿಗೆ ಬಂದು ಜಿದ್ದಾದ ಶಾಲೆಯಲ್ಲಿ ಪಾಠ ಮಾಡುವವಳು, ರಜೆಯನ್ನೆಲ್ಲ ಸುರಿದು ತಬೂಕಿನ ಈ ತೋಟಕ್ಕೆ ಬಂದಿದ್ದಳು. ಜೊತೆಗೆ ಅವಳ ಸ್ವಯಂಸೇವಕರ ತಂಡ: ಸುಡಾನಿನ ಇಂಜಿನಿಯರ್, ಫಿಲಿಪೀನ್ಸಿನ ನರ್ಸ್, ಈಜಿಪ್ಟಿನ ಅಣ್ಣತಮ್ಮಂದಿರು. ಕೂಲಿಗಳ ಬಿಡಾರ ಕೋಳಿಗೂಡಿಗಿಂತ ಕಡೆಯಾಗಿತ್ತು. ಕಕ್ಕಸು ಕಟ್ಟಿದರು, ಕರೆಂಟಿನ ತಂತಿ ಎಳೆದರು, ಗೋಡೆಗೆ ಬಣ್ಣ ಬಳಿದರು. ಕರೆಸಿಕೊಂಡವನು ತೋಟದ ಮಾಲೀಕ, ಕೂಲಿಗಳ ವೀಸಾ ಕೈಯಲ್ಲಿ ಹಿಡಿದ ಕಫೀಲ್, ಖಾಲಿದ್. ಸಿಮೆಂಟು ಅವನದು, ಊಟಕ್ಕೆ ಕುರಿಯೂ ಅವನದೇ. ಅಂಥ ಮಾಲೀಕನನ್ನು ಹಾಜರಾ ಈ ದೇಶದಲ್ಲಿ ಕಂಡದ್ದೇ ಇಲ್ಲ. ಮಧ್ಯಾಹ್ನ ದೊಡ್ಡ ಅಧಿಕಾರಿಯೊಬ್ಬರು ನಿಮ್ಮ ಕೆಲಸ ನೋಡಲು ಬರುತ್ತಾರೆ ಎಂದೂ ಅವನು ಹೇಳಿದ್ದ.

ಕೂಲಿಗಳೋ, ಒಬ್ಬನಾದರೂ ಒಂದು ಕಲ್ಲು ಎತ್ತಿಕೊಡಲಿಲ್ಲ. ಹೊಲದಿಂದ ಬಂದವರು ಹೊಸ ಗೋಡೆಯನ್ನು ಗೋರಿ ನೋಡಿದ ಹಾಗೆ ನೋಡುತ್ತಿದ್ದರು. ಇವತ್ತು ಜ್ವರ ಎಂದು ಉಳಿದವನು ಚನಿಯ ಒಬ್ಬನೇ. ಉಳಿದು ಮಾಡಿದ ಘನಕಾರ್ಯ ಇದು.

"ಪುತ್ತೂರಿನವನಲ್ವಾ ನೀನು? ನಾಚಿಕೆ ಆಗುವುದಿಲ್ವಾ ಮಾರಾಯ? ಬೇರೆ ದೇಶದವರ ಎದುರು ನಮ್ಮ ಮರ್ಯಾದೆ ತೆಗೆದೆಯಲ್ಲ!"

"ಒಡೆದದ್ದು ಒಡೆದೇ ಇರಲಿ ಅಕ್ಕಾ. ನಿಮ್ಮ ಕಾಲು ಹಿಡೀತೇನೆ. ನಾಳೆ ಬೇಕಾದರೆ ಬಂಗಾರದ್ದು ಹಾಕಿ. ಇವತ್ತೊಂದು ದಿನ..."

"ಇವತ್ತು ಎಂತ?"

ರಫೀಕನ ಹಿಡಿತ ಬಿಗಿಯಾಯಿತು. ಚನಿಯ ಹಲ್ಲು ಕಚ್ಚಿದ.

"ಊರಿನ ಹುಚ್ಚು ಟೀಚರೇ," ರಫೀಕ್ ನಕ್ಕ. ಮಂಜೇಶ್ವರದವನು, ಅವನಿಗೆ ಬಾರದ ಭಾಷೆಯಿಲ್ಲ. ತಂಡ ಬಂದ ದಿನದಿಂದ ನೆರಳಿನ ಹಾಗೆ ಜೊತೆಗೇ ಇದ್ದ. "ಮಗಳು ಫೋನಿನಲ್ಲಿ ಇವನನ್ನು 'ಮಾಮ' ಅಂದಳಂತೆ. ಅಂದಿನಿಂದ ತಲೆ ಸರಿ ಇಲ್ಲ."

ಮಗಳ ಕಥೆ ಹಾಜರಾಳಿಗೂ ಗೊತ್ತಿತ್ತು. ಚನಿಯ ವಿಮಾನ ಹತ್ತುವಾಗ ಹೆಂಡತಿ ಅಮ್ಮಣ್ಣಿ ಬಸುರಿ. ಈಗ ಮಗಳು ಶಾಲೆಗೆ ಹೋಗುತ್ತಾಳೆ. ಅಪ್ಪನನ್ನು ಒಮ್ಮೆಯೂ ಮುಟ್ಟಿ ನೋಡಿದವಳಲ್ಲ. ಖಾಲಿದ್ ಊರಿಗೆ ಬಿಡುವುದಿಲ್ಲ ಎಂದು ಮೊದಲ ದಿನವೇ ಚನಿಯ ಅತ್ತಿದ್ದ. ಇಷ್ಟೆಲ್ಲ ಮಾಡಿಸುವವನು ಊರಿಗೆ ಬಿಡದೆ ಇರುತ್ತಾನಾ? ಹಾಜರಾ ನಂಬಲಿಲ್ಲ. "ಮೊದಲು ಮನುಷ್ಯರ ಹಾಗೆ ಮಲಗಲು ಜಾಗ ಆಗಲಿ. ಊರಿನ ವಿಷಯ ಮುಂದಿನ ಸಲ ಮಾತಾಡುವ," ಎಂದಿದ್ದಳು.

"ಅಧಿಕಾರಿ ಬಂದು ಹೋಗುವ ತನಕ ಇವನನ್ನು ಎಲ್ಲಾದರೂ ಕೂಡಿಹಾಕಿ," ಎಂದಳು ಈಗ.

ರಫೀಕ್ ಅದಕ್ಕೇ ಕಾದವನಂತೆ ಅವನನ್ನು ಪಂಪ್‌ಶೆಡ್ಡಿಗೆ ನೂಕಿ ಚಿಲಕ ಹಾಕಿದ.

"ಅಕ್ಕಾ! ಒಬ್ಬರೇ ಬನ್ನಿ! ಒಂದೇ ಒಂದು ಮಾತು!"

ತುಳುವಿನಲ್ಲಿ ಕೂಗುತ್ತಿದ್ದ. ಹಾಜರಾಳ ಊರಿನ ಮಾತು. ಅವಳು ಡ್ರಿಲ್ ಎತ್ತಿ ಗೋಡೆಗೆ ಒತ್ತಿದಳು. ಕೂಗು ಅದರಲ್ಲಿ ಮುಳುಗಿತು.

ಉಳಿದದ್ದು ಕಪಾಟುಗಳ ಕೆಲಸ. ಪ್ರತಿ ಮಂಚದ ಕೆಳಗೂ ಹಗ್ಗ ಬಿಗಿದ ಒಂದೊಂದು ಕಾರ್ಟನ್ ಇತ್ತು. ಮೇಲೆ ಹೆಸರು, ಊರು. "ಇದೆಂತ?" ಎಂದು ನರ್ಸ್ ಕೇಳಿದಳು. ಹಾಜರಾ ನಕ್ಕಳು. "ಗಲ್ಫಿನ ಚಟ. ಹೋಗುವುದು ಯಾವ ಕಾಲಕ್ಕೋ, ಕಾರ್ಟನ್ ಮಾತ್ರ ಈಗಲೇ ಕಟ್ಟಿಡುತ್ತಾರೆ." ಹಗ್ಗಗಳನ್ನು ಕತ್ತರಿಸಿದರು. ಕಂಬಳಿ, ಸಾಬೂನು, ಪುಟ್ಟ ಫ್ರಾಕು, ಎಲ್ಲವನ್ನೂ ಕಪಾಟುಗಳಲ್ಲಿ ಚೆಂದಕ್ಕೆ ಜೋಡಿಸಿದರು. ಒಡೆದ ಜಾಗಕ್ಕೆ ಬೇರೆ ಬೇಸಿನ್ ಬಂತು.

ಮಧ್ಯಾಹ್ನ ಅಧಿಕಾರಿ ಬಂದರು. ಹೊಲದಿಂದ ಕರೆಸಿದ ಕೂಲಿಗಳು ಸಾಲಾಗಿ ನಿಂತರು. ಅಧಿಕಾರಿ ನಲ್ಲಿ ತಿರುಗಿಸಿದರು, ಸ್ವಿಚ್ಚು ಒತ್ತಿದರು, ಕಕ್ಕಸಿನ ಬಾಗಿಲು ತೆಗೆದು ನೋಡಿದರು. ಪಂಪ್‌ಶೆಡ್ಡಿನ ಕಡೆಯಿಂದ ಧಡ್ ಧಡ್ ಎಂದಿತು.

"ಏನದು?"

"ಹಳೇ ಪಂಪು," ಎಂದ ರಫೀಕ್.

ಹಾಜರಾ ಬೇಗನೆ ಹೊಸ ಕಪಾಟುಗಳ ಕಡೆ ಕೈ ತೋರಿಸಿದಳು. ಊರಿನವನ ಹುಚ್ಚು ಇವರ ಎದುರು ಯಾಕೆ?

ಅಧಿಕಾರಿ ಅವಳ ಕಡೆ ತಿರುಗಿದರು. "ನೀವು ಹೊರಗಿನವರು, ನಿಮ್ಮ ಮಾತು ನಂಬುತ್ತೇನೆ. ಇವರದು ಏನಾದರೂ ದೂರು ಇದೆಯಾ?"

"ಒಂದೂ ಇಲ್ಲ," ಎಂದಳು ಹಾಜರಾ, ಅರಬಿಯಲ್ಲಿ, ತಲೆಯೆತ್ತಿ.

ಕೂಲಿಗಳ ಸಾಲಿನಲ್ಲಿದ್ದ ಸುಡಾನಿನ ಮುದುಕ ಅರಬಿ ಬಲ್ಲವನು. ಅಲ್ಲೇ ಕುಸಿದು ಕೂತ. ಖಾಲಿದ್ ಎಲ್ಲರಿಗೂ ಖರ್ಜೂರ ಹಂಚತೊಡಗಿದ. ಅಧಿಕಾರಿ ಸಹಿ ಹಾಕಿ, ಹಾಜರಾಳ ಮುಂದೆ ಎದೆಯ ಮೇಲೆ ಕೈಯಿಟ್ಟು ಬಾಗಿದರು.

"ದೊಡ್ಡ ಉಪಕಾರ ಮಾಡಿದಿರಿ ಸಹೋದರಿ. ಹೋದ ಸಲ ಬಂದಾಗ ಇವರೆಲ್ಲರ ಎದುರೇ ಎಚ್ಚರಿಕೆ ಕೊಟ್ಟಿದ್ದೆ. ಇವತ್ತೂ ಹಳೆಯ ಹಾಗೇ ಇದ್ದಿದ್ದರೆ ಬಿಡಾರ ಮುಚ್ಚಿಸಿ, ಸಂಜೆಯ ವಿಮಾನಕ್ಕೇ ಇವರನ್ನೆಲ್ಲ ಖಾಲಿದ್‌ನ ಖರ್ಚಿನಲ್ಲಿ ಊರಿಗೆ ಕಳಿಸುತ್ತಿದ್ದೆ. ಇನ್ನು ಯಾರೂ ಹೋಗಬೇಕಾಗಿಲ್ಲ."