ತಲೆಯಿಂದ ಇಳಿಸಿದ ಬುಟ್ಟಿ

ಕೋಳಿಮರಿಗಳ ಮೇಲೆ ಕವುಚಿದ್ದ ಬುಟ್ಟಿಯನ್ನು ಸೋಮ ಎತ್ತಿದ. ಮರಿಗಳು ದಿಕ್ಕಾಪಾಲಾಗಿ ಓಡಿದವು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಡತಿ ಅರ್ಚನಾ, "ಗಿಡುಗ ಬತ್ತದೆ, ಅದನ್ನೆಂತಕ್ಕೆ ತೆಗಿತ್ರಿ?" ಎಂದಳು. ಸೋಮ ಬುಟ್ಟಿಯನ್ನು ಬಾವಿಕಟ್ಟೆಗೆ ಒಯ್ದು ತಿಕ್ಕಿ ತಿಕ್ಕಿ ತೊಳೆದ. ಅವನ ಅಮ್ಮ ದುರ್ಗಮ್ಮ ಇದೇ ಬುಟ್ಟಿ ಹೊತ್ತು ಭಟ್ಕಳದ ಕೇರಿ ಕೇರಿ ಸುತ್ತಿ ಮೀನು ಮಾರಿದವಳು. ಅದನ್ನು ಅವಳ ತಲೆಯಿಂದ ಇಳಿಸಿ ಕೋಳಿಮರಿಗಳ ಪಾಲು ಮಾಡಿದವನು ಇವನೇ.

ಆಗ ಸೋಮ ತಾಂಡೇಲನಾದ ಹೊಸತು. ಬೋಟು ನಡೆಸುವವನು, ಅವನು ಹೇಳಿದಲ್ಲೇ ಬಲೆ ಬೀಳಬೇಕು. ಗತ್ತು ಇರದೆ ಹೇಗೆ? ಬಂದರಿನಲ್ಲಿ ಯಾರೋ ಒಬ್ಬ, "ತಾಂಡೇಲನ ಅಮ್ಮ ಇನ್ನೂ ಬುಟ್ಟಿ ಹೊರ್ತದಲ್ಲ ಮಾರಾಯಾ" ಎಂದು ನಕ್ಕಿದ್ದೇ ಸಾಕಾಯಿತು. ಮನೆಗೆ ಬಂದು ಕೂಗಾಡಿದ. "ನಾ ದುಡಿತಿಲ್ವ? ಸುಮ್ನೆ ಕೂತ್ಕಂಡು ಉಣ್ಣುಕೆ ಎಂತ ತ್ರಾಸು ನಿಂಗೆ?"

ದುರ್ಗಮ್ಮ ಅತ್ತಳು. ಒಂದೆರಡು ಸಲ ಕದ್ದು ಮೀನು ಮಾರಲು ಹೋಗಿ, ಸಿಕ್ಕಿಬಿದ್ದು, ಮಗನಿಂದ ಬೈಸಿಕೊಂಡಳು. ಕೊನೆಗೆ ಕೂತಳು. ಅವಳಿಗೆಂದೇ ಗೋಡೆಯಗಲದ ಟಿವಿ ಬಂತು. ಮೀನು ಕೊಯ್ಯಲು ಹೋದರೆ ಸೊಸೆ ಕತ್ತಿ ಕಸಿದುಕೊಳ್ಳುತ್ತಿದ್ದಳು. ಅಂಗಳ ದಾಟಿದರೆ ಮಗ ಕೂಗುತ್ತಿದ್ದ. ಅಮ್ಮನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾನೆ ಎಂದು ಅವರ ಊರು ಬೆಳಕೆಯೆಲ್ಲ ಹೊಗಳಿತು. ಅವನೂ ಹಿಗ್ಗಿದ, ಪಾಪ.

ವರ್ಷಗಳು ಕಳೆದಂತೆ ದುರ್ಗಮ್ಮ ಮೊದಲು ಎಲೆಯಡಿಕೆ ಚೀಲ ಇಟ್ಟ ಜಾಗ ಮರೆತಳು. ಆಮೇಲೆ ಉಂಡದ್ದನ್ನು ಮರೆತಳು. ಮೊನ್ನೆ ಮೊನ್ನೆ, ಸ್ವಂತ ಅಂಗಳದಲ್ಲಿ ನಿಂತು "ಇದು ಯಾರ ಮನೆ?" ಎಂದು ಕೇಳಿದಳು. ಸೋಮ ಅವಳನ್ನು ಕುಮಟೆಯ ಡಾಕ್ಟರ ಬಳಿ ಕರೆದೊಯ್ದ.

"ಇದು ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ" ಎಂದರು ಡಾಕ್ಟರು. "ಆದ್ರೆ ಕೂರಿಸಿ ಇಡ್ಬೇಡಿ. ದಿನಾ ನಡೆಸಿ. ನಾಲ್ಕು ಜನರ ಹತ್ರ ಮಾತಾಡಿಸಿ, ತಲೆಗೆ ಕೆಲಸ ಕೊಡಿ. ಮೊದ್ಲು ಎಂತ ಮಾಡ್ತಿದ್ರು ಇವರು?"

"ಮನೆ ಮನೆಗೆ ಮೀನು ಮಾರ್ತಿತ್ತು."

"ನಡ್ಕಂಡೇ? ಯಾರಿಗೆ ಯಾವ ಮೀನು ಅಂತ ಬರ್ಕಳ್ತಿದ್ರ?"

"ಅಮ್ಮಂಗೆ ಬರಿಯುಕೆ ಬರೂದಿಲ್ಲ. ಎಲ್ಲ ತಲೆಲೇ ಇತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದನ್ನ ಬಿಟ್ಟದ್ದಕ್ಕೇ ಹೀಗಾಯ್ತು ಅಂತ ನಾ ಹೇಳಲಾರೆ. ಆದ್ರೆ ಅಷ್ಟು ಒಳ್ಳೆ ಅಭ್ಯಾಸ ಬಿಡಿಸಿದ್ದು ಯಾಕೆ?"

ಅಲೆಗೆ ಹೆದರದ ಸೋಮ ಆ ಪ್ರಶ್ನೆಗೆ ತಲೆ ತಗ್ಗಿಸಿದ.

ಅದಕ್ಕೇ ಇವತ್ತು ನೆವ ಹೇಳಿ ಬೋಟಿಗೆ ಹೋಗದೆ ಉಳಿದಿದ್ದ. ಅಮ್ಮನನ್ನು ಭಟ್ಕಳಕ್ಕೆ ಕರೆತಂದು, ಮಾರ್ಕೆಟಿನಲ್ಲಿ ಒಂದಿಷ್ಟು ಬಂಗಡೆ, ನೊಗ್ಲಿ ಕೊಂಡ. ತಾಂಡೇಲ ಮೀನು ಕೊಳ್ಳುವುದನ್ನು ನೋಡಿ ಯಾರು ಬೇಕಾದರೂ ನಗಲಿ ಎನ್ನಿಸಿತು ಅವನಿಗೆ. ಆ ಬುದ್ಧಿ ಅಂದೇ ಬರಬಾರದಿತ್ತೇ? ಬಟ್ಟೆಯ ಸಿಂಬಿ ಸುತ್ತಿ ಅಮ್ಮನ ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ ಇಟ್ಟ. ಬಗ್ಗಿದ್ದ ದುರ್ಗಮ್ಮನ ಕುತ್ತಿಗೆ ನೆಟ್ಟಗಾಯಿತು. ದಾರಿ ಕೇಳದೆ ನಡೆದೇಬಿಟ್ಟಳು. ಹಿಂದಿನಿಂದ ಮಂಜುಗಡ್ಡೆಯ ಚೀಲ ಹಿಡಿದ ಸೋಮ ಹೆಚ್ಚುಕಡಿಮೆ ಓಡಬೇಕಾಯಿತು.

ಒಂದು ಓಣಿಯ ಕೊನೆಯಲ್ಲಿ, ಹಂಚಿನ ಮನೆಯ ಮುಂದೆ ನಿಂತು ಕೂಗಿದಳು. "ಉಮಕ್ಕ, ಮೀನು ಬೇಕನ್ರಾ?"

ಹೊರಗೆ ಬಂದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ದುರ್ಗಮ್ಮನಾ? ಎಷ್ಟು ಕಾಲ ಆತೇ ನಿನ್ನ ನೋಡದೆ."

"ಬಂಗಡೆ ನಿಮ್ಗೆ ಬ್ಯಾಡ, ನಂಜಾತದೆ" ಎಂದಳು ದುರ್ಗಮ್ಮ, ಬುಟ್ಟಿಯನ್ನು ಜಗಲಿಗೆ ಇಳಿಸುತ್ತ. "ನೊಗ್ಲಿ ತಕಣಿ. ಮೊಮ್ಮಗಳು ಮುಳ್ಳು ಬಿಡ್ಸುಕೆ ಕಲ್ತಳಾ?"

"ಅವಳಿಗೆ ಮದುವೆನೂ ಆತು" ಎಂದು ಉಮಕ್ಕ ನಕ್ಕಳು.

ಸೋಮನ ಎದೆ ತುಂಬಿ ಬಂತು. ನಂಜು, ಮೊಮ್ಮಗಳು, ಮುಳ್ಳು, ಎಲ್ಲ ಹಾಗೇ ಇದೆಯಲ್ಲ. ಏನೂ ಹೋಗಿಲ್ಲ. ದಿನಾ ಕರೆತಂದರಾಯಿತು, ನಾನು ಸಮುದ್ರಕ್ಕೆ ಹೋದ ದಿನ ಅರ್ಚನಾ ಬರಲಿ. ಅಮ್ಮ ಮೊದಲಿನ ಹಾಗಾಗುತ್ತಾಳೆ. ತಾನು ಮಾಡಿದ ತಪ್ಪಿಗೆ ದೇವರು ಇನ್ನೊಂದು ಅವಕಾಶ ಕೊಟ್ಟ ಎಂದುಕೊಂಡ.

ಉಮಕ್ಕ ಮೀನು ತೆಗೆದುಕೊಂಡು ಒಳಗೆ ಹೋದಳು. ದುರ್ಗಮ್ಮ ಸಿಂಬಿ ಸರಿಮಾಡಿಕೊಂಡು ಹಿಂದೆ ತಿರುಗಿದಳು. ಸೋಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಬೆಳಿಗ್ಗೆ ಗಂಜಿ ಉಣ್ಣುವಾಗ ಹೆಸರು ಹಿಡಿದು ಕರೆದವಳು, ಈಗ ಹತ್ತಿರ ಬಂದು ಗುಟ್ಟಿನ ದನಿಯಲ್ಲಿ ಕೇಳಿದಳು.

"ತಮ್ಮಾ, ನೀ ಬೆಳಕೆ ಬದಿಯವನ?"

ಸೋಮ ಹೌದು ಎಂದು ತಲೆಯಾಡಿಸಿದ.

"ಹಂಗಾರೆ ನಮ್ಮ ಸೋಮ ಸಿಕ್ರೆ, ನಾ ಬುಟ್ಟಿ ಹೊತ್ತದ್ದು ಹೇಳ್ಬೇಡ ಮಾರಾಯಾ. ಅವಂಗೆ ಮರ್ಯಾದೆ ಹೋತದೆ."

"ಹೇಳುದಿಲ್ಲ" ಎಂದ ಸೋಮ. ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅಮ್ಮನ ತಲೆಯ ಮೇಲಿಟ್ಟ.