ನೀರಿಗೆ ಹೋದವಳು

ಮಕ್ಕಳ ದಿನಾಚರಣೆಗೆಂದು ತಂದ ಡಬ್ಬಿಯ ಮುಚ್ಚಳವನ್ನು ವಾರಿಜಾ ಟೀಚರು ತೆಗೆದದ್ದೇ ತಡ, ನಾಲ್ಕನೇ ಕ್ಲಾಸಿನ ಸುಪ್ರೀತಾ ಎದ್ದು ಮೂಲೆಯ ಕೊಡ ಎತ್ತಿಕೊಂಡಳು. ಸಕ್ಕರೆ ಕಾಯಿಲೆಯ ಹುಡುಗಿ ನೋಡಿ ಆಸೆಪಡಬಾರದೆಂದು, ಯಾರ ಹುಟ್ಟುಹಬ್ಬಕ್ಕೆ ಸಿಹಿ ಹಂಚುವಾಗಲೂ ಅವಳನ್ನು ನೀರಿಗೆ ಅಟ್ಟುತ್ತಿದ್ದವರು ಇದೇ ಟೀಚರು.

“ಕೊಡ ತುಂಬೇ ಇದ್ಯಲ್ಲೇ, ಪೆದ್ದಿ!” ಎಂದು ಪಕ್ಕದ ಬೆಂಚಿನ ನವೀನ ನಕ್ಕ. ಸುಪ್ರೀತಾ ಹೊರಗೆ ಹೋಗಿ, ಅಷ್ಟೂ ನೀರನ್ನು ಅಂಗಳಕ್ಕೆ ಚೆಲ್ಲಿದಳು.

ಟೀಚರು ಡಬ್ಬಿ ಹಿಡಿದೇ ಬಾಗಿಲಿಗೆ ಓಡಿಬಂದರು. “ಒಳಗೆ ಬಾರೇ ಮಾರಾಯ್ತಿ! ಇವತ್ತು ಸಿಹಿ ಅಲ್ಲ, ಬೇಯಿಸಿದ ಶೇಂಗಾ. ನೀನೂ ತಿನ್ಬಹುದು ಅಂತ ಎನ್ನಾರ್ ಪುರದ ಡಾಕ್ಟ್ರನ್ನ ಕೇಳ್ಕೊಂಡೇ ತಂದಿದೀನಿ.”

ಹುಡುಗಿ ಡಬ್ಬಿಯತ್ತ ನೋಡಲೇ ಇಲ್ಲ. ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಾವಿಯ ಕಡೆ ತಿರುಗಿದಳು.

“ನೀವು ಹಂಚಿ ಟೀಚರ್. ಎಲ್ರೂ ತಿಂದಾದ್ಮೇಲೆ ಬರ್ತೀನಿ.”