ಮೂಲೆಗೆ ಹಚ್ಚಿದ ಅರಿಶಿನ

ಒಗ್ಗರಣೆಯಲ್ಲಿ ಅರಿಶಿನ ಸೀದರೆ ಈಗಲೂ ನಾನು ಒಲೆ ಆರಿಸಿ ಹೊರಗೆ ಹೋಗಿ ನಿಲ್ಲುತ್ತೇನೆ.

ಕೃಷ್ಣಮೂರ್ತಿಪುರಂ ಮನೆಯಲ್ಲಿ ಅಮ್ಮ ಭಾನುವಾರ ಮಧ್ಯಾಹ್ನ ಹಾಸ್ಟೆಲಿನಲ್ಲಿದ್ದ ಅಣ್ಣನಿಗೆ ಕಾಗದ ಬರೆಯುತ್ತಿದ್ದಳು. ಅದರ ಮೂಲೆಗಳಿಗೆ ಒದ್ದೆ ಅರಿಶಿನ ಹಚ್ಚುವುದು ನನ್ನ ಕೆಲಸ. ಅಣ್ಣನ ವೈಕುಂಠ ಸಮಾರಾಧನೆ ಮುಗಿದ ಭಾನುವಾರವೂ ಅವಳು ಬರೆಯಲು ಕೂತಳು. ನಾನು ಅರಿಶಿನದ ಬಟ್ಟಲು ತಂದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಇನ್ನು ಅರಿಶಿನ ಬೇಡ ಕಣೆ ಮಗು."

"ಹಚ್ಚಲಿ ಅತ್ತೆ," ಅಮ್ಮ ತಲೆ ಎತ್ತಲಿಲ್ಲ. "ಮೂಲೆ ಬಿಳಿ ಇದ್ರೆ ಮನೇಲಿ ಏನೋ ಆಗಿದೆ ಅಂತ ಹೆದರ್ಕೋತಾನೆ."

ಹಚ್ಚಿದೆ. ಅಂಚೆಗೆ ಹಾಕಿ ಬರುತ್ತೇನೆಂದು ಅಪ್ಪ ಕಾಗದ ತೆಗೆದುಕೊಂಡು ಹಿತ್ತಲ ಕಡೆಗೆ ನಡೆದರು. ಸ್ವಲ್ಪ ಹೊತ್ತಿಗೆ ಬಚ್ಚಲೊಲೆಯಿಂದ ಸೀದ ಅರಿಶಿನದ ವಾಸನೆ ಬಂತು.

ಅಮ್ಮ ಅದನ್ನು ಮೂಗಿನ ತುಂಬ ಎಳೆದುಕೊಂಡು ಪೆನ್ನಿನ ಮುಚ್ಚಳ ಹಾಕಿದಳು.

"ತಲುಪ್ತು ಬಿಡಿ ಅತ್ತೆ," ಅಂದಳು.